ಚಿತ್ರಮಂದಿರಕ್ಕೆ ಹೋಗುವ ಹಾರ್ಡ್‌ಡಿಸ್ಕ್: ಕಡತ ತುಂಬಿದರಷ್ಟೇ ಸಾಲದು

ಬೆಂಗಳೂರಿನ ಗಾಂಧಿನಗರದ ವಿತರಕರ ಕಚೇರಿಗಳಿಂದ ರೀಲು ಡಬ್ಬಿಗಳು ಊರೂರಿಗೆ ಪ್ರಯಾಣ ಬೆಳೆಸುತ್ತಿದ್ದ ಕಾಲವೊಂದಿತ್ತು. ಎರಡು ಗಂಟೆಯ ಚಿತ್ರವೆಂದರೆ ಸುಮಾರು 3.3 ಕಿಲೋಮೀಟರ್ ಉದ್ದದ 35 ಎಂಎಂ ಫಿಲ್ಮ್. ಇಂದು ಅದೇ ಚಿತ್ರ ಅಂಗೈಯಲ್ಲಿ ಹಿಡಿಯುವ ಹಾರ್ಡ್‌ಡಿಸ್ಕ್ ಒಂದರಲ್ಲಿ ಅಡಗುತ್ತದೆ. ಉಪಗ್ರಹ ಹಾಗೂ ಅಂತರ್ಜಾಲದ ಮೂಲಕವೂ ಚಿತ್ರಗಳು ಮಂದಿರ ತಲುಪುತ್ತಿವೆಯಾದರೂ, ಚಿತ್ರೋತ್ಸವಕ್ಕೆ ಅಥವಾ ಒಂದೆರಡು ವಿಶೇಷ ಪ್ರದರ್ಶನಕ್ಕೆ ಚಿತ್ರ ಕಳುಹಿಸುವ ಸಣ್ಣ ನಿರ್ಮಾಪಕರಿಗೆ ಡಿಸ್ಕ್ ಈಗಲೂ ಆಸರೆಯಾಗಿದೆ.

ಅಪಾಯ ಇರುವುದೂ ಇಲ್ಲಿಯೇ. ರೀಲು ತುಂಡಾದರೆ ಆಪರೇಟರ್ ಅದನ್ನು ಅಂಟಿಸಿ ಪ್ರದರ್ಶನ ಮುಂದುವರಿಸುತ್ತಿದ್ದರು. ಡಿಸ್ಕನ್ನು ಸರ್ವರ್ ಓದದೇ ಹೋದರೆ ಅಂಟಿಸುವುದಕ್ಕೆ ಏನೂ ಇರುವುದಿಲ್ಲ. ವರ್ಷಗಳ ಶ್ರಮದ ಚಿತ್ರ, ಆಹ್ವಾನಿತರು ಕುಳಿತಿರುವಾಗಲೇ ರದ್ದಾಗಬೇಕಾಗುತ್ತದೆ.

ಡಿಸಿಪಿ ಎಂದರೇನು?

ಮಂದಿರಕ್ಕೆ ಕಳುಹಿಸುವ ಡಿಜಿಟಲ್ ಪ್ರತಿಗೆ 'ಡಿಜಿಟಲ್ ಸಿನಿಮಾ ಪ್ಯಾಕೇಜ್' ಅಥವಾ ಡಿಸಿಪಿ ಎಂದು ಹೆಸರು. ಹಾಲಿವುಡ್‌ನ ಪ್ರಮುಖ ಸ್ಟುಡಿಯೋಗಳು 2002ರಲ್ಲಿ ಡಿಸಿಐ ಎಂಬ ಒಕ್ಕೂಟ ರಚಿಸಿಕೊಂಡವು. ಅದು 2005ರ ಜುಲೈನಲ್ಲಿ ಪ್ರಕಟಿಸಿದ ಮಾನದಂಡವೇ ಇದಕ್ಕೆ ತಳಹದಿ.

ಡಿಸಿಪಿ ಒಂದೇ ಕಡತವಲ್ಲ, ಕಡತಗಳ ಗುಂಪು. ಚಿತ್ರ ಮತ್ತು ಧ್ವನಿ ಪ್ರತ್ಯೇಕ ಎಂಎಕ್ಸ್‌ಎಫ್ ಕಡತಗಳಲ್ಲಿರುತ್ತವೆ. ಯಾವ ಕಡತ ಯಾವ ಕ್ರಮದಲ್ಲಿ ಓಡಬೇಕು ಎಂಬುದನ್ನು ಸಿಪಿಎಲ್ ಎಂಬ ಪಟ್ಟಿ ಹೇಳುತ್ತದೆ. ಪಿಕೆಎಲ್ ಎಂಬ ಇನ್ನೊಂದು ಪಟ್ಟಿಯಲ್ಲಿ ಪ್ರತಿ ಕಡತದ ಗಾತ್ರ ಮತ್ತು 'ಹ್ಯಾಷ್' ದಾಖಲಾಗಿರುತ್ತದೆ. ಹ್ಯಾಷ್ ಎಂದರೆ ಕಡತದ ಬೆರಳಚ್ಚು ಇದ್ದಂತೆ. ಒಂದು ಅಕ್ಷರ ಬದಲಾದರೂ ಅದು ಹೊಂದುವುದಿಲ್ಲ. ಯಾವ ಕಡತ ಎಲ್ಲಿದೆ ಎಂಬುದನ್ನು ಅಸೆಟ್‌ಮ್ಯಾಪ್ ತಿಳಿಸುತ್ತದೆ. ಆದ್ದರಿಂದ ಒಳಗಿನ ಕಡತಗಳ ಹೆಸರನ್ನು ಅಂದಗೊಳಿಸಲು ಹೋಗಲೇಬಾರದು. ಹೆಸರು ಬದಲಾದ ಕಡತವನ್ನು ಸರ್ವರ್ ಕಂಡುಹಿಡಿಯಲಾರದು.

ಗಾತ್ರದ ಲೆಕ್ಕ

ಸಾಮಾನ್ಯ ವಿಡಿಯೋಗಳಂತಲ್ಲದೆ ಡಿಸಿಪಿಯಲ್ಲಿ ಪ್ರತಿಯೊಂದು ಫ್ರೇಮ್ ಬೇರೆಬೇರೆಯಾಗಿ ಜೆಪೆಗ್ 2000 ವಿಧಾನದಲ್ಲಿ ಸಂಕುಚಿತಗೊಳ್ಳುತ್ತದೆ. ಸೆಕೆಂಡಿಗೆ 24 ಫ್ರೇಮ್‌ಗಳಂತೆ ಎರಡು ಗಂಟೆಗೆ 1,72,800 ಫ್ರೇಮ್‌ಗಳಾಗುತ್ತವೆ. ಸೆಕೆಂಡಿಗೆ ಗರಿಷ್ಠ 250 ಮೆಗಾಬಿಟ್ ಎಂಬ ಮಿತಿಯನ್ನು ಪೂರ್ತಿ ಬಳಸಿದರೆ ಚಿತ್ರಕ್ಕೇ 225 ಗಿಗಾಬೈಟ್ ಬೇಕು. ಅದರ ಅರ್ಧದಷ್ಟು ದರಕ್ಕೆ ಅರ್ಧದಷ್ಟೇ ಜಾಗ ಸಾಕು. ಸಂಕುಚಿತಗೊಳಿಸದ 24 ಬಿಟ್‌ನ 5.1 ಧ್ವನಿಗೆ ಇನ್ನೂ ಸುಮಾರು 6 ಗಿಗಾಬೈಟ್ ಸೇರಿಸಬೇಕು.

2ಕೆ ಚಿತ್ರಕ್ಕೆ 'ಫ್ಲಾಟ್' ಆದರೆ 1998×1080, 'ಸ್ಕೋಪ್' ಆದರೆ 2048×858 ಪಿಕ್ಸೆಲ್ ನಿಗದಿಯಾಗಿದೆ. ಟಿವಿಗಾಗಿ ಬಳಸುವ ಬಣ್ಣದ ಮಾದರಿಯನ್ನು ಸಿನಿಮಾದ 'ಎಕ್ಸ್‌ವೈಝಡ್' ಮಾದರಿಗೆ ಪರಿವರ್ತಿಸಬೇಕು. ಇಲ್ಲವಾದರೆ ತೆರೆಯ ಮೇಲೆ ಬಣ್ಣಗಳು ಕೆಡುತ್ತವೆ. ಡಿಸಿಪಿ-ಓ-ಮ್ಯಾಟಿಕ್ ಎಂಬ ಮುಕ್ತ ತಂತ್ರಾಂಶ ಈ ಕೆಲಸಗಳನ್ನು ಉಚಿತವಾಗಿ ಮಾಡಿಕೊಡುತ್ತದೆ. ಫ್ರೇಮ್ ದರದಲ್ಲಿ 24 ಎಲ್ಲಕ್ಕಿಂತ ಸುರಕ್ಷಿತ. 25ರ ದರವನ್ನು ಎಲ್ಲ ಹಳೆಯ ಸರ್ವರ್‌ಗಳೂ ಸ್ವೀಕರಿಸುವುದಿಲ್ಲ.

ಡಿಸ್ಕ್ ಸಿದ್ಧಪಡಿಸುವ ಬಗೆ

ಬಹುತೇಕ ತೊಂದರೆಗಳು ಹುಟ್ಟುವುದು ಇಲ್ಲಿ. ಸಿನಿಮಾ ಸರ್ವರ್‌ಗಳು ಹೆಚ್ಚಾಗಿ ಲಿನಕ್ಸ್ ಆಧಾರಿತ. ಅವುಗಳಿಗೆ ಎಂಬಿಆರ್ ವಿಭಜನೆಯ, ಒಂದೇ ಭಾಗವುಳ್ಳ, ಇಎಕ್ಸ್‌ಟಿ2 ಅಥವಾ ಇಎಕ್ಸ್‌ಟಿ3 ಮಾದರಿಯ ಡಿಸ್ಕ್ ಒಗ್ಗುತ್ತದೆ. ಎನ್‌ಟಿಎಫ್‌ಎಸ್ ಮಾದರಿಯನ್ನು ಅನೇಕ ಸರ್ವರ್‌ಗಳು ಓದುತ್ತವೆ, ಎಲ್ಲವೂ ಅಲ್ಲ. ಫ್ಯಾಟ್32ರಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಕಡತ ಹಿಡಿಸುವುದಿಲ್ಲವಾದ್ದರಿಂದ ಪೂರ್ಣಾವಧಿ ಚಿತ್ರಕ್ಕೆ ಅದು ನಿರುಪಯುಕ್ತ. ಎಕ್ಸ್‌ಫ್ಯಾಟ್ ಮತ್ತು ಮ್ಯಾಕ್ ಕಂಪ್ಯೂಟರ್‌ಗಳ ಮಾದರಿಗಳನ್ನು ನಂಬುವಂತಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಇಎಕ್ಸ್‌ಟಿ ಡಿಸ್ಕಿನಲ್ಲಿ 'ಐನೋಡ್' ಗಾತ್ರ 128 ಬೈಟ್ ಇರಬೇಕೆಂಬುದು ಶಿಫಾರಸು. ಇಂದಿನ ಲಿನಕ್ಸ್ ತಾನಾಗಿಯೇ 256 ಎಂದು ಆರಿಸಿಕೊಳ್ಳುತ್ತದೆ. ಮನೆಯ ಕಂಪ್ಯೂಟರ್‌ನಲ್ಲಿ ಸರಾಗವಾಗಿ ತೆರೆದ ಡಿಸ್ಕ್, ಹಳೆಯ ಸರ್ವರ್‌ನಲ್ಲಿ ಖಾಲಿಯಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ವೃತ್ತಿಪರರು ಸಿಆರ್‌ಯು ಡಿಎಕ್ಸ್115 ಎಂಬ ಲೋಹದ ಚೌಕಟ್ಟಿನಲ್ಲಿ ಡಿಸ್ಕ್ ಕೂರಿಸಿ ಕಳುಹಿಸುವುದು ವಾಡಿಕೆ. ಅದು ಸರ್ವರ್‌ನ ಖಾನೆಗೆ ನೇರವಾಗಿ ಹೊಂದುತ್ತದೆ. ಸಾಮಾನ್ಯ ಯುಎಸ್‌ಬಿ ಡಿಸ್ಕ್ ಕಳುಹಿಸುವುದಾದರೆ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಇರುವಂಥದ್ದು ಒಳ್ಳೆಯದು. ಹಳೆಯ ಸರ್ವರ್‌ನ ಯುಎಸ್‌ಬಿ ಕಿಂಡಿ ಡಿಸ್ಕ್ ತಿರುಗಿಸುವಷ್ಟು ವಿದ್ಯುತ್ ಒದಗಿಸದೇ ಇರಬಹುದು.

ಚಿತ್ರ ಡಿಸ್ಕಿನಿಂದ ನೇರವಾಗಿ ತೆರೆಗೆ ಬರುವುದಿಲ್ಲ. ಮೊದಲು ಅದನ್ನು ಸರ್ವರ್‌ಗೆ ಇಳಿಸಿಕೊಳ್ಳಬೇಕು. 150 ಗಿಗಾಬೈಟ್‌ನ ಚಿತ್ರಕ್ಕೆ ಯುಎಸ್‌ಬಿ 2.0ರಲ್ಲಿ ಒಂದೂಕಾಲು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಪ್ರದರ್ಶನಕ್ಕೆ ಅರ್ಧ ಗಂಟೆ ಮೊದಲು ಡಿಸ್ಕ್ ತಂದುಕೊಟ್ಟರೆ ಆಪರೇಟರ್ ಎಷ್ಟೇ ನುರಿತವರಾದರೂ ಕೈಚೆಲ್ಲಬೇಕಾಗುತ್ತದೆ.

ಒತ್ತಕ್ಷರದ ತೊಡಕು

ಕನ್ನಡದಲ್ಲಿ ಉಪಶೀರ್ಷಿಕೆ ನೀಡುವವರು ಮತ್ತೊಂದು ವಿಷಯ ಗಮನಿಸಬೇಕು. ಉಪಶೀರ್ಷಿಕೆಯನ್ನು ಪಠ್ಯವಾಗಿ ಕೊಟ್ಟರೆ ಅದನ್ನು ಅಕ್ಷರರೂಪಕ್ಕೆ ತರುವುದು ಸರ್ವರ್ ಅಥವಾ ಪ್ರೊಜೆಕ್ಟರ್. ಅದಕ್ಕೆ ಕನ್ನಡದ ಒತ್ತಕ್ಷರ ಜೋಡಿಸುವ ಸಾಮರ್ಥ್ಯ ಇಲ್ಲದಿದ್ದರೆ ಅಕ್ಷರಗಳು ಚದುರುತ್ತವೆ. ಚಿತ್ರದ ಫ್ರೇಮ್ ಮೇಲೆಯೇ ಅಕ್ಷರಗಳನ್ನು ಅಚ್ಚೊತ್ತುವುದು ಇದಕ್ಕೆ ನಿಶ್ಚಿಂತೆಯ ಪರಿಹಾರ.

ಬೀಗ ಮತ್ತು ಕೀಲಿ

ಕಳ್ಳನಕಲು ತಡೆಯಲು ಡಿಸಿಪಿಯನ್ನು ಗೂಢಲಿಪಿಗೆ ಪರಿವರ್ತಿಸುವುದುಂಟು. ಆಗ ಡಿಸ್ಕ್ ಕಳುವಾದರೂ ಚಿತ್ರ ಕಳುವಾಗುವುದಿಲ್ಲ. ಅದನ್ನು ತೆರೆಯಲು ಕೆಡಿಎಂ ಎಂಬ ಪುಟ್ಟ ಕಡತ ಬೇಕು. ಇದು ಇ-ಮೇಲ್‌ನಲ್ಲಿಯೇ ಬರುತ್ತದೆ. ಇದು ನಿರ್ದಿಷ್ಟ ಸರ್ವರ್‌ಗೆ, ನಿರ್ದಿಷ್ಟ ದಿನ ಮತ್ತು ವೇಳೆಗೆ ಮಾತ್ರ ಅನ್ವಯ. ಒಂದನೇ ಪರದೆಯ ಕೀಲಿ ಎರಡನೇ ಪರದೆಗೆ ಆಗದು. ವೇಳೆ ನಮೂದಿಸುವಾಗ ಭಾರತೀಯ ಕಾಲಮಾನದ ಐದೂವರೆ ಗಂಟೆಯ ವ್ಯತ್ಯಾಸ ಮರೆತರೆ, ಕೀಲಿ ಇದ್ದೂ ಬೀಗ ತೆರೆಯುವುದಿಲ್ಲ. ಒಂದೆರಡು ಬಾರಿಯ ಪ್ರದರ್ಶನಕ್ಕೆ ಬೀಗ ಅಗತ್ಯವೇ ಎಂಬುದನ್ನು ನಿರ್ಮಾಪಕರು ಮೊದಲೇ ಯೋಚಿಸುವುದು ಲೇಸು.

ಕಳುಹಿಸುವ ಮುನ್ನ

* ನಕಲು ಮುಗಿದ ನಂತರ ಡಿಸ್ಕಿನಲ್ಲಿರುವ ಪ್ರತಿಯ ಹ್ಯಾಷನ್ನೇ ಮತ್ತೊಮ್ಮೆ ಪರಿಶೀಲಿಸಿ. ಮೂಲ ಸರಿಯಿದ್ದ ಮಾತ್ರಕ್ಕೆ ನಕಲು ಸರಿಯಿದೆ ಎನ್ನಲಾಗದು.

* ಡಿಸ್ಕಿನಲ್ಲಿ ಡಿಸಿಪಿಯ ಹೊರತು ಬೇರೇನನ್ನೂ ಇಡಬೇಡಿ.

* ಮೇಲೆ ಚಿತ್ರದ ಹೆಸರು, ಅವಧಿ, ಫ್ಲಾಟ್ ಅಥವಾ ಸ್ಕೋಪ್, ಸಂಪರ್ಕದ ದೂರವಾಣಿ ಸಂಖ್ಯೆ ಬರೆಯಿರಿ.

* ಎರಡನೇ ಡಿಸ್ಕ್ ಒಂದನ್ನು ಸಿದ್ಧವಾಗಿಟ್ಟು, ಬೇರೆಯವರ ಕೈಯಲ್ಲಿ ಕಳುಹಿಸಿ.

* ಸಾಧ್ಯವಾದರೆ ಅದೇ ಮಂದಿರದಲ್ಲಿ, ಅದೇ ಸರ್ವರ್‌ನಲ್ಲಿ ಮುನ್ನಾದಿನವೇ ಚಿತ್ರದ ಆರಂಭ, ಮಧ್ಯ ಮತ್ತು ಅಂತ್ಯವನ್ನು ಓಡಿಸಿ ನೋಡಿ.

ಕಂಪ್ಯೂಟರ್‌ನಲ್ಲಿ ಓಡಿತೆಂಬುದು ಅರ್ಧ ಭರವಸೆ ಮಾತ್ರ. ಓಡಬೇಕಾದ ತೆರೆಯ ಮೇಲೆ ಓಡಿದಾಗಲೇ ಡಿಸ್ಕ್ ಸಿದ್ಧವಾಯಿತೆಂದು ತಿಳಿಯಬೇಕು.