ಹಾಡಿದವರ ಹೆಸರು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಬರೆದವನು ಚಪಡನೆಂಬ ಲಿಪಿಕಾರ. ತನ್ನ ವೃತ್ತಿಯನ್ನು ಹೇಳುವ ಪದವನ್ನು ಆತ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಆ ಹೆಸರು ಅಳಿದಿಲ್ಲ. ಆದರೆ ಇದೇ ಸೀಮೆಯಲ್ಲಿ ದನಕರು ಕಾಯುತ್ತ ಗಾದ್ರಿ ಪಾಲನಾಯಕನನ್ನು, ಜಗಳೂರು ಪಾಪನಾಯಕನನ್ನು ಹಾಡಿಕೊಂಡು ಬಂದ ಮ್ಯಾಸಬೇಡರಲ್ಲಿ, ಜುಂಜಪ್ಪನನ್ನು ಹಾಡಿದ ಕಾಡುಗೊಲ್ಲರಲ್ಲಿ ಎಷ್ಟು ಮಂದಿ ಕವಿಗಳ ಹೆಸರು ನಮಗೆ ಗೊತ್ತು?

ನೆರೆಯ ಚಳ್ಳಕೆರೆ ತಾಲ್ಲೂಕಿಗೆ ಗ್ರಂಥಗಳ ನಂಟು ಹೊಸದಲ್ಲ. ಕುವೆಂಪು ಅವರು 'ಶ್ರೀರಾಮಾಯಣ ದರ್ಶನಂ' ಕಾವ್ಯವನ್ನು ಅರ್ಪಿಸಿದ್ದು ತಳುಕಿನ ಟಿ. ಎಸ್. ವೆಂಕಣ್ಣಯ್ಯನವರಿಗೆ. ಆದರೆ ಆ ತಾಲ್ಲೂಕಿನ ಹಟ್ಟಿಗಳ ಹಾಡು ಅಚ್ಚಿನಮನೆಯನ್ನು ಮುಟ್ಟಲು ಬಹುಕಾಲ ಹಿಡಿಯಿತು. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಪ್ರಸಾರಾಂಗವು ಇಂಥ ಕಾವ್ಯಗಳನ್ನು ಪ್ರಕಟಿಸಿತು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರವರಿಯದವಳು. ಸಾವಿರಾರು ಸಾಲುಗಳನ್ನು ಕಂಠದಲ್ಲಿಟ್ಟುಕೊಂಡಿದ್ದವಳು. ಕೃಷ್ಣಮೂರ್ತಿ ಹನೂರರು ಆಕೆಯ ಪದಗಳನ್ನು ಸಂಗ್ರಹಿಸಿ, ಆಕೆಯ ಹೆಸರಿನೊಡನೆಯೇ ಲೋಕಕ್ಕೆ ಕೊಟ್ಟರು. ಆಕೆಗೆ 'ನಾಡೋಜ' ಗೌರವವೂ ಸಂದಿತು. ಎಲ್ಲ ಗಾಯಕರಿಗೂ ಈ ಭಾಗ್ಯವಿರಲಿಲ್ಲ. ಮುಖಪುಟದಲ್ಲಿ ಸಂಪಾದಕರು, ಕೊನೆಯ ಪುಟದ ಪಟ್ಟಿಯಲ್ಲಿ ಹಾಡಿದವರು! ಜನಪದ ಕಾವ್ಯಕ್ಕೆ ಕರ್ತೃವಿಲ್ಲವೆಂದು ತರಗತಿಯಲ್ಲಿ ಬಹುಕಾಲ ಪಾಠ ಹೇಳಿದವನು ನಾನೂ ಹೌದು. ಆ ಮಾತು ಎಷ್ಟು ಅನುಕೂಲದ್ದಾಗಿತ್ತೆಂಬುದು ಈಗ ಹೊಳೆಯುತ್ತಿದೆ.

ಹೊರಗೆ ಈ ಪ್ರಶ್ನೆಗೆ ಬೇರೊಂದು ಉತ್ತರ ದೊರೆತಿದೆ. ಕೆನಡಾದ ಮೂಲನಿವಾಸಿಗಳು 1980ರಲ್ಲಿ 'ಥೇಟಸ್' ಎಂಬ ತಮ್ಮದೇ ಪ್ರಕಾಶನವನ್ನು ಆರಂಭಿಸಿದರು. ಕಲ್ಕತ್ತೆಯಲ್ಲಿ ಸಂತಾಲ ಮಹಿಳೆ ರೂಬಿ ಹೆಂಬ್ರಮ್ 2012ರಲ್ಲಿ 'ಆದಿವಾಣಿ'ಯನ್ನು ಸ್ಥಾಪಿಸಿದರು. ಯಾವುದನ್ನು ಅಚ್ಚು ಹಾಕಬೇಕು, ಯಾವುದನ್ನು ಕೂಡದು, ಯಾರ ಹೆಸರು ಮುಂದಿರಬೇಕು ಎಂಬುದನ್ನು ಅಲ್ಲಿ ಆ ಜನರೇ ನಿರ್ಧರಿಸುತ್ತಾರೆ.

ನಮ್ಮಲ್ಲಿ ಇದರ ಅಗತ್ಯವೇನೆಂದು ಕೇಳುವವರಿದ್ದಾರೆ. ಒಂದು ಪದವನ್ನೇ ನೋಡೋಣ. ದೇವರ ಎತ್ತುಗಳನ್ನು ಕಾಯುವವನನ್ನು ಮ್ಯಾಸಬೇಡರು ಕಿಲಾರಿ ಎನ್ನುತ್ತಾರೆ. ಪಟ್ಟಣದ ಸಂಪಾದಕನೊಬ್ಬ ಸುಲಭವಾಗಲೆಂದು ಅದನ್ನು 'ದನಗಾಹಿ' ಎಂದು ತಿದ್ದಿದನೆನ್ನೋಣ. ಎತ್ತು ಉಳಿಯಿತು, ದೇವರು ಹೋದ. ಮ್ಯಾಸಬೇಡರ ಎಷ್ಟೋ ಮನೆಗಳಲ್ಲಿ ಆಡುವ ನುಡಿ ತೆಲುಗು. ಹಾಡಿನಲ್ಲಿ ಎರಡು ಭಾಷೆಗಳೂ ಬೆರೆಯುತ್ತವೆ. ಆ ಬೆರಕೆಯನ್ನು ದೋಷವೆಂದು ಬಗೆದು ತಿದ್ದದೆ ಅಚ್ಚಿಗೆ ಕೊಡಬಲ್ಲವನು, ಆ ನುಡಿಯಲ್ಲೇ ಜೋಗುಳ ಕೇಳಿ ಬೆಳೆದ ಹಟ್ಟಿಯ ಹುಡುಗ. ಅಂಥವರು ಈಗ ಕಾಲೇಜುಗಳಲ್ಲಿ ಓದುತ್ತಿದ್ದಾರೆ.