ಕೆಟ್ಟ ಕಣ್ಣೋ, ಕಟ್ಟುವಾಗಲೇ ಎಡವಿದ ಕಣ್ಣೋ: ರಘು ಪಡಿಂಜಾತ್ ಅವರ ರೆಟಿನಾ ಸಂಶೋಧನೆಯ ಒಂದು ಮರು ಓದು

ಮೂಡಿಗೆರೆಯ ತೋಟಗಳಲ್ಲಿ ಪಲ್ಪರ್ ಉಗುಳಿದ ಕಾಫಿ ಹಣ್ಣಿನ ಸಿಪ್ಪೆ ಹುಳಿ ಬಂದರೆ ಸಾಕು, ಪುಟ್ಟ ನೊಣಗಳು ಮುತ್ತುತ್ತವೆ. ಆ ಬಳಗದ ಡ್ರೊಸೊಫಿಲ ಮೆಲನೊಗ್ಯಾಸ್ಟರ್‌ನ ಒಂದು ಕಣ್ಣಿನಲ್ಲಿ ಸುಮಾರು 750 ಘಟಕಗಳು, ಪ್ರತಿ ಘಟಕದಲ್ಲಿ 8 ಬೆಳಕುಗ್ರಾಹಿ ಕೋಶಗಳು. ಮೊದಲು ಕೇಂಬ್ರಿಜ್‌ನಲ್ಲಿ, ಈಗ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ (ಎನ್‌ಸಿಬಿಎಸ್) ರಘು ಪಡಿಂಜಾತ್ ಅವರು ಬೆನ್ನುಹತ್ತಿದ್ದು ಈ ಕೋಶಗಳನ್ನೇ.

ಸಂಶೋಧಕರಾದ ಹೊಟ್ಟಾ ಮತ್ತು ಬೆನ್ಜರ್ 1970ರಲ್ಲಿ ವರ್ಣಿಸಿದಂದಿನಿಂದ ಆರ್‌ಡಿಜಿಎ ಮ್ಯೂಟೆಂಟ್ ನೊಣವನ್ನು ರೆಟಿನಾ ಕ್ಷಯದ ಮಾದರಿಯೆಂದೇ ಎಣಿಸಲಾಗಿದೆ. ಅದರಲ್ಲಿ ಕೆಟ್ಟಿರುವುದು ಡೈಅಸೈಲ್‌ಗ್ಲಿಸರಾಲ್ ಕೈನೇಸ್ ಎಂಬ ಕಿಣ್ವದ ಜೀನ್ ಎಂದು 1993ರಲ್ಲಿ ತಿಳಿಯಿತು. ಇಷ್ಟರಲ್ಲಿ ತಕರಾರಿಲ್ಲ. ಕಟ್ಟಿ ಮುಗಿದ ಕಣ್ಣು ಆಮೇಲೆ ಕೆಡುತ್ತದೆ ಎಂಬ ಗ್ರಹಿಕೆಯ ಬಗ್ಗೆ ಮಾತ್ರ ನನ್ನ ಆಕ್ಷೇಪ.

ರಘು, ಹಾರ್ಡಿ ಮತ್ತು ಸಂಗಡಿಗರ 2000ದ ಪ್ರಬಂಧವನ್ನೇ ನೋಡೋಣ. ಈ ಕಿಣ್ವವಿಲ್ಲದ ಕೋಶಗಳಲ್ಲಿ ಬೆಳಕು ಬೀಳುವ ಮೊದಲೇ ಟಿಆರ್‌ಪಿ ಅಯಾನು ಕಾಲುವೆಗಳು ತೆರೆದುಕೊಂಡಿರುತ್ತವೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಟಿಆರ್‌ಪಿ ಜೀನನ್ನೂ ಕೆಡಿಸಿದರೆ ಕೋಶದ ರಚನೆ ಬಹುಮಟ್ಟಿಗೆ ಉಳಿಯುತ್ತದೆ, ಬೆಳಕಿಗೆ ಸ್ಪಂದನವೂ ಮರಳುತ್ತದೆ. ಕ್ಷಯ ತೀರಾ ಬೇಗ ಶುರುವಾಗುತ್ತದೆಂದು ಲೇಖಕರೇ ಗುರುತಿಸಿದ್ದಾರೆ. ಹಾಗಿದ್ದರೆ ಕಟ್ಟುವ ಕಾಲ ಮುಗಿದದ್ದು ಎಲ್ಲಿ, ಕೆಡುವ ಕಾಲ ಶುರುವಾದದ್ದು ಎಲ್ಲಿ?

ರಘು ಅವರ ತಂಡದ 2009ರ ಪ್ರಬಂಧ ಇಲ್ಲಿ ನಿರ್ಣಾಯಕವೆಂದು ನನಗೆ ತೋರುತ್ತದೆ. ಬೆಳಕು ಹಿಡಿಯುವ ಸೂಕ್ಷ್ಮ ಎಳೆಗಳ ಕಟ್ಟು, ಅಂದರೆ ರ‍್ಯಾಬ್ಡೊಮಿಯರ್, ರೂಪುಗೊಳ್ಳುವಾಗ ಒಂದು ನಿರ್ದಿಷ್ಟ ಘಟ್ಟಕ್ಕೆ ಮುಂಚೆ ಫಾಸ್ಫಟಿಡಿಕ್ ಆಮ್ಲ ಎಂಬ ಲಿಪಿಡ್ ಹೆಚ್ಚಾದರೆ, ಕೋಶದ ತುದಿಗೆ ಪೊರೆಯ ಸಾಗಾಟವೇ ಹದಗೆಡುತ್ತದೆ. ಆ ಆಮ್ಲವನ್ನು ತಯಾರಿಸುವ ಕಿಣ್ವಗಳಲ್ಲಿ ಆರ್‌ಡಿಜಿಎಯಲ್ಲಿ ಕೆಟ್ಟಿರುವ ಡೈಅಸೈಲ್‌ಗ್ಲಿಸರಾಲ್ ಕೈನೇಸೂ ಒಂದು. ಎಂದಮೇಲೆ ಈ ಲಿಪಿಡ್ ದಾರಿ ಬೆಳಕಿನ ಸಂಕೇತಕ್ಕೆ ಮಾತ್ರವಲ್ಲದೆ ಕಣ್ಣಿನ ನಿರ್ಮಾಣಕ್ಕೂ ಸೇರಿದ್ದು. ಆರ್‌ಡಿಜಿಎ ದೋಷದ ಒಂದಂಶವಾದರೂ ಕಣ್ಣು ಕಟ್ಟುವ ಪ್ಯೂಪಾ ಹಂತದಲ್ಲೇ ಬೇರೂರಿರಬಹುದು ಎಂಬುದು ನನ್ನ ವಾದ.

‘ಇರಬಹುದು’ ಎಂದೇ ಹೇಳಬೇಕು. 2009ರ ಪ್ರಯೋಗ ಆಮ್ಲ ಹೆಚ್ಚಾದಾಗಿನದು. ಆರ್‌ಡಿಜಿಎಯಲ್ಲಿ ಅದರ ಉತ್ಪಾದನೆಗೇ ಕುತ್ತು. ಎರಡೂ ಒಂದೇ ಯಾಂತ್ರಿಕತೆಯೆಂದರೆ ಪುರಾವೆಯನ್ನು ಮೀರಿದಂತೆ. ಟಿಆರ್‌ಪಿ ತೆಗೆದಾಗ ಕೋಶ ಉಳಿಯುವುದರಿಂದ, ಸಾವಿನ ನೇರ ಕಾರಣ ಕ್ಯಾಲ್ಸಿಯಂ ಎಂಬುದೂ ಅಲುಗುವುದಿಲ್ಲ. ಆದರೆ ಆ ಕ್ಯಾಲ್ಸಿಯಂ ಯಾವ ಹಂತದಲ್ಲಿ ನುಗ್ಗತೊಡಗಿತು ಎಂಬುದನ್ನು ಈ ಉಳಿವೊಂದೇ ಹೇಳಲಾರದು. ಕಾಣೆಯಾದ ಕಿಣ್ವವನ್ನು ರ‍್ಯಾಬ್ಡೊಮಿಯರ್ ಕಟ್ಟುವ ಮೊದಲೊಮ್ಮೆ, ನೊಣ ಪ್ಯೂಪಾದಿಂದ ಹೊರಬಂದ ಮೇಲೊಮ್ಮೆ ಒದಗಿಸಿ ಎರಡೂ ಬಗೆಯ ಕಣ್ಣುಗಳನ್ನು ಹೋಲಿಸಿದರೆ ತೀರ್ಮಾನ ಸಾಧ್ಯ. ತಡವಾಗಿ ಕೊಟ್ಟ ಕಿಣ್ವವೂ ಕಣ್ಣನ್ನು ಪೂರ್ತಿ ಉಳಿಸಿದರೆ ನನ್ನ ವಾದ ಬೀಳುತ್ತದೆ.