ಕ್ಷಣ ಕ್ಷಣದ ಸುದ್ದಿ ಬಂದ ಬಗೆ

ಊರು ಬಿಟ್ಟು ಬಂದವರಿಗೆ ಸುದ್ದಿಯ ಹಸಿವು ಹೆಚ್ಚು. ಊರಿನಲ್ಲಿ ಮಳೆ ಬಂತೇ, ಹೊಳೆ ತುಂಬಿತೇ, ಚುನಾವಣೆಯಲ್ಲಿ ಗೆದ್ದವರಾರು ಎಂದು ತಿಳಿಯಲು ಮುಂಬಯಿಯ ಕನ್ನಡಿಗರು ಹಿಂದೆ ಕಾಗದದ ದಾರಿ ಕಾಯುತ್ತಿದ್ದರು. ತಂತಿ ಬಂತೆಂದರೆ ಒಡೆಯುವ ಮೊದಲೇ ಕೈ ನಡುಗುತ್ತಿತ್ತು. ಇಂದು ಲೋಕಲ್ ರೈಲಿನ ಗದ್ದಲದಲ್ಲಿ ನಿಂತುಕೊಂಡೇ ಬೆಂಗಳೂರಿನ ವಾರ್ತಾವಾಹಿನಿಯ ನೇರಪ್ರಸಾರವನ್ನು ಮೊಬೈಲಿನಲ್ಲಿ ನೋಡುತ್ತೇವೆ. ಈ ಅನುಕೂಲ ನಮಗೆ ದೊರೆತ ಬಗೆಯನ್ನೂ ಅದಕ್ಕೆ ತೆತ್ತ ಬೆಲೆಯನ್ನೂ ಅರಿತಿರುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಸುದ್ದಿ ತಡವಾಗಿ ಬರುವುದೂ ಒಂದು ಕೇಡೇ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರಿಗೆ ಗುಂಡು ತಗಲಿದ್ದು ಬೆಳಿಗ್ಗೆ ಒಂಬತ್ತು ಗಂಟೆ ದಾಟಿದ ಮೇಲೆ. ಬಿ.ಬಿ.ಸಿ. ಅವರ ಮರಣವಾರ್ತೆಯನ್ನು ಬಿತ್ತರಿಸಿ ಎಷ್ಟೋ ತಾಸುಗಳಾದ ಮೇಲೆ, ಸಂಜೆಗೆ, ನಮ್ಮ ಆಕಾಶವಾಣಿ ಅದನ್ನು ಸಾರಿತು. ಬಂಗಾಲದ ಪ್ರವಾಸದಲ್ಲಿದ್ದ ಮಗ ರಾಜೀವರೂ ಬಿ.ಬಿ.ಸಿ.ಗೇ ಕಿವಿಗೊಡಬೇಕಾಯಿತು. ಸರಕಾರ ಬಾಯಿ ಬಿಡುವವರೆಗೆ ಜನ ಗಾಳಿಮಾತನ್ನೇ ನಂಬಿಕೊಂಡಿರಬೇಕಾದ ಕಾಲವದು.

ಆ ಹೊತ್ತಿಗೆ ಅಮೆರಿಕೆಯಲ್ಲಿ ಬೇರೊಂದು ಬಗೆಯ ಸಾಹಸ ನಡೆದಿತ್ತು. ತಂದೆಯಿಂದ ಬಂದ ಜಾಹೀರಾತು ಫಲಕಗಳ ವ್ಯಾಪಾರವನ್ನು ನಡೆಸುತ್ತಿದ್ದ ಟೆಡ್ ಟರ್ನರ್ ಎಂಬವರು ಅಟ್ಲಾಂಟಾ ನಗರದ ಒಂದು ಚಿಕ್ಕ ಟೆಲಿವಿಷನ್ ಕೇಂದ್ರವನ್ನು ಕೊಂಡು, ಅದರ ಕಾರ್ಯಕ್ರಮಗಳನ್ನು ಉಪಗ್ರಹದ ಮೂಲಕ ದೇಶಕ್ಕೆಲ್ಲ ಮುಟ್ಟಿಸಿದರು. 1980ರ ಜೂನ್ 1ರಂದು ಅದೇ ಊರಿನಿಂದ ಸಿ.ಎನ್.ಎನ್. ಆರಂಭವಾಯಿತು. ಹಗಲಿರುಳೂ ಬರಿಯ ಸುದ್ದಿಯೇ! ನೋಡುವವರಾರು ಎಂದು ದೊಡ್ಡ ಕಂಪನಿಗಳವರು ನಕ್ಕರು; ಆ ಮೂರಕ್ಷರಕ್ಕೆ ‘ಚಿಕನ್ ನೂಡಲ್ ನ್ಯೂಸ್’ ಎಂದು ಅರ್ಥ ಹಚ್ಚಿದರು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಮೇಲಕ್ಕೇರಿದ 73 ಸೆಕೆಂಡುಗಳಲ್ಲಿ ಏಳು ಯಾತ್ರಿಗಳೊಡನೆ ಸಿಡಿದಾಗ, ಆ ಉಡಾವಣೆಯನ್ನು ಸಿ.ಎನ್.ಎನ್. ನೇರವಾಗಿ ತೋರಿಸುತ್ತಿತ್ತು. ದೊಡ್ಡ ಕಂಪನಿಗಳು ತಮ್ಮ ಎಂದಿನ ಕಾರ್ಯಕ್ರಮಗಳಲ್ಲಿ ಮಗ್ನವಾಗಿದ್ದವು.

ಆದರೆ ಜಗತ್ತು ತಿರುಗಿ ನೋಡಿದ್ದು 1991ರ ಜನವರಿ 17ರ ಬೆಳಗಿನ ಜಾವ ಬಾಗ್ದಾದಿನ ಮೇಲೆ ಬಾಂಬು ಬಿದ್ದಾಗ. ಅಲ್-ರಶೀದ್ ಹೋಟೆಲಿನಲ್ಲಿದ್ದ ಬರ್ನಾರ್ಡ್ ಶಾ, ಜಾನ್ ಹಾಲಿಮನ್, ಪೀಟರ್ ಆರ್ನೆಟ್ ಎಂಬ ಮೂವರು ಕಿಟಕಿಯ ಬಳಿ ನಿಂತು, ಕಂಡದ್ದನ್ನು ಕಂಡಂತೆ ಹೇಳುತ್ತ ಹೋದರು. ಇತರರ ಟೆಲಿಫೋನುಗಳು ನಿಂತುಹೋದವು. ಮೊದಲೇ ಏರ್ಪಡಿಸಿಕೊಂಡಿದ್ದ ಪ್ರತ್ಯೇಕ ತಂತಿಯ ಬಲದಿಂದ ಇವರ ದನಿ ಮಾತ್ರ ಬರುತ್ತಲೇ ಇತ್ತು. ವಿನೋದವೆಂದರೆ ಟೆಲಿವಿಷನ್ನಿನ ಆ ಮಹಾ ವಿಜಯದ ಮೊದಲ ತಾಸುಗಳಲ್ಲಿ ನೇರ ಚಿತ್ರವೇ ಇರಲಿಲ್ಲ, ಇದ್ದುದು ಮಾತು ಮಾತ್ರ. ನಮ್ಮ ದೇಶದಲ್ಲಿಯೂ ದೊಡ್ಡ ಹೋಟೆಲುಗಳ ಡಿಶ್ಶುಗಳ ಮೂಲಕ ಜನ ಈ ಯುದ್ಧ ನೋಡಿದರು. ಆಮೇಲೆ ಕಟ್ಟಡದಿಂದ ಕಟ್ಟಡಕ್ಕೆ ಕೇಬಲ್ ಹರಿಯಿತು, ಹಿಂದಿ, ಇಂಗ್ಲಿಷ್ ವಾರ್ತಾವಾಹಿನಿಗಳು ಬಂದವು, 2006ರಲ್ಲಿ ಟಿ.ವಿ. 9 ಕನ್ನಡದಲ್ಲಿಯೂ ಹಗಲಿರುಳು ಸುದ್ದಿ ಹೇಳತೊಡಗಿತು.

2008ರ ನವೆಂಬರ್ 26ರ ರಾತ್ರಿ ಸರದಿ ನಮ್ಮ ನಗರದ್ದಾಯಿತು. ಮೂರು ರಾತ್ರಿ ಮುಂಬಯಿ ಮನೆಯೊಳಗೆ ಕುಳಿತು ತನ್ನನ್ನೇ ತಾನು ನೋಡಿತು. ತಾಜ್ ಹೋಟೆಲಿನ ಬೆಂಕಿಯನ್ನು ಪರದೆಯ ಮೇಲೆ ಕಂಡ ಊರಿನವರಿಗೆ ಇಡೀ ಮುಂಬಯಿಯೇ ಹೊತ್ತಿ ಉರಿಯುತ್ತಿದೆಯೆಂಬ ಭಯ. “ನಾವು ಕ್ಷೇಮವಾಗಿದ್ದೇವೆ, ನಮ್ಮ ಮನೆ ಅಲ್ಲಿಂದ ಬಹಳ ದೂರ” ಎಂದು ಫೋನಿನಲ್ಲಿ ಹೇಳಿದವರು ನಮ್ಮಲ್ಲಿ ಎಷ್ಟೋ ಮಂದಿ. ನಾರಿಮನ್ ಹೌಸಿನ ಮಾಳಿಗೆಗೆ ಹೆಲಿಕಾಪ್ಟರಿನಿಂದ ಕಮಾಂಡೋಗಳು ಹಗ್ಗ ಹಿಡಿದು ಇಳಿದುದನ್ನೂ ನೇರವಾಗಿ ತೋರಿಸಲಾಯಿತು. ನಾವು ಉಸಿರು ಬಿಗಿಹಿಡಿದು ನೋಡಿದೆವು. ಗಡಿಯಾಚೆ ಕುಳಿತ ಸೂತ್ರಧಾರರೂ ಅದೇ ಪರದೆಯನ್ನು ನೋಡಿ, ಒಳಗಿದ್ದ ತಮ್ಮವರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದರು. ಆ ದಾಳಿಯಲ್ಲಿ ಮಡಿದವರು 166 ಮಂದಿ.

2012ರ ಆಗಸ್ಟ್ 29ರಂದು ಕಸಬನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು ವಾಹಿನಿಗಳ ನಡತೆಯನ್ನೂ ವಿಚಾರಿಸಿತು. ಅದರಿಂದಲೇ ಯೋಧರಿಗೆ ಸಾವುನೋವಾಯಿತೆಂದು ನಿರ್ಧರಿಸಲಾಗದಿದ್ದರೂ, ಅವರ ಕೆಲಸ ಅತಿ ಕಷ್ಟವೂ ಅಪಾಯಕರವೂ ಆಯಿತೆಂಬುದರಲ್ಲಿ ಸಂಶಯವಿಲ್ಲವೆಂದಿತು. ಈ ಮಾತು ಕಟುವಾದರೂ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ನೋಟಿನ ಕಟ್ಟನ್ನು ಎರಡು ಸಲ ಎಣಿಸಿ ಕೊಡುವ ರೂಢಿಯವರಿಗೆ, ಒಮ್ಮೆಯೂ ತಾಳೆ ನೋಡದ ಸುದ್ದಿಯನ್ನು ಕೋಟ್ಯಂತರ ಜನರ ಮುಂದೆ ಸುರಿಯುವುದು ವಿಚಿತ್ರವಾಗಿ ತೋರುತ್ತದೆ.

2015ರಲ್ಲಿ ಕೇಬಲ್ ನಿಯಮಗಳನ್ನು ತಿದ್ದಿ, ಉಗ್ರರ ವಿರುದ್ಧದ ಕಾರ್ಯಾಚರಣೆ ಮುಗಿಯುವವರೆಗೆ ನೇರಪ್ರಸಾರ ಕೂಡದು, ನೇಮಿತ ಅಧಿಕಾರಿ ಆಗಾಗ ಹೇಳುವುದನ್ನಷ್ಟೇ ತಿಳಿಸಬೇಕು ಎಂದು ವಿಧಿಸಲಾಯಿತು. ಅಧಿಕಾರಿಯ ಬಾಯಿಗಾಗಿ ಕಾಯುವ 1984ರ ನೆನಪು ಇದರಿಂದ ಕೆಲವರಿಗೆ ಬಂದರೆ ಅದೂ ಸಹಜವೇ. ಈಗಂತೂ ಕೇಬಲ್ಲಿನ ಹಂಗೂ ಬೇಕಿಲ್ಲ. ಬೀದಿಯಲ್ಲಿ ನಿಂತ ಯಾರಾದರೂ ಜೇಬಿನ ಫೋನಿನಿಂದಲೇ ನೇರಪ್ರಸಾರ ಮಾಡಬಲ್ಲರು. ಆದುದರಿಂದ 2025ರ ಏಪ್ರಿಲ್ 26ರಂದು ಕೇಂದ್ರ ಸರಕಾರ ಹೊರಡಿಸಿದ ಸಲಹೆಯಲ್ಲಿ, ಸೈನ್ಯದ ಚಲನವಲನಗಳನ್ನು ನೇರವಾಗಿ ತೋರಿಸಬಾರದೆಂಬ ಮಾತು ವಾಹಿನಿಗಳಿಗೆ ಮಾತ್ರವಲ್ಲದೆ ಸಾಮಾಜಿಕ ಜಾಲತಾಣ ಬಳಸುವವರಿಗೂ ಅನ್ವಯಿಸಿತು. ಕಾರ್ಗಿಲ್ ಯುದ್ಧ, ಕಂದಹಾರದ ವಿಮಾನ ಅಪಹರಣಗಳ ಜತೆಗೆ ನಮ್ಮ ಮುಂಬಯಿಯ ಆ ದಾಳಿಯನ್ನೂ ಅದರಲ್ಲಿ ಹೆಸರಿಸಲಾಗಿದೆ.